ದೇವರ ಮನೆಯಲ್ಲಿ ವಿ.ಪಿ.ಎನ್.

ಬೇಲೂರಿನ ನಮ್ಮ ಮನೆಯೊಳಗೆ ಚಿಲಕ, ಬೀಗ ಎರಡೂ ಇದ್ದ ಬಾಗಿಲು ಒಂದೇ. ಅದು ದೇವರ ಮನೆಯದು. ಉಳಿದ ಕೋಣೆಗಳಿಗೆಲ್ಲ ಪರದೆ. ಗಾಳಿಗೆ ಹಾರುವ, ಮಕ್ಕಳು ಮೂಗು ಒರೆಸುವ, ಬಂದವರು ಬೆರಳಲ್ಲಿ ಸರಿಸಿ ಇಣುಕುವ ಬಟ್ಟೆ. ಮನುಷ್ಯರಿಗೆ ಅಷ್ಟು ಸಾಕು ಎಂದು ನಮ್ಮ ಮಾವನವರು ಮನೆ ಕಟ್ಟಿಸುವಾಗಲೇ ತೀರ್ಮಾನ ಮಾಡಿದ್ದರು. ದೇವರಿಗೆ ಮಾತ್ರ ತೇಗದ ಬಾಗಿಲು, ಹಿತ್ತಾಳೆ ಬೀಗ. ಒಳಗಿದ್ದದ್ದು ಎರಡು ಬೆಳ್ಳಿ ದೀಪ, ಒಂದು ಗಂಟೆ, ಏಳು ಫೋಟೋ. ನಮ್ಮ ಜಗಳ, ನಮ್ಮ ಕಾಯಿಲೆ, ನಮ್ಮ ಅಳು ಎಲ್ಲ ಪರದೆಯ ಹಿಂದೆ ನಡೆದು, ಅನ್ನ ಬೇಯುವುದರೊಳಗೆ ಎದುರುಮನೆಗೆ ತಿಳಿಯುತ್ತಿತ್ತು.

ಆ ಮನೆಗೆ ವಿ.ಪಿ.ಎನ್. ಬಂತು. ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷ ಆಗಿತ್ತು, ಫೋನಿನ ತಂತಿಯಲ್ಲೇ ಇಂಟರ್ನೆಟ್ಟು ನಮ್ಮೂರಿಗೂ ಹರಿದು ಬಂದಿತ್ತು. ತಂದವಳು ನನ್ನ ಸೊಸೆ.

ಸೊಸೆ ಅರಸೀಕೆರೆಯವಳು, ಬಿ.ಎಸ್ಸಿ. ಓದಿದವಳು. ನನ್ನ ಮಗನದು ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ. ಮದುವೆಯಾದ ಮೇಲೆ ಇವಳು ಆ ಅಂಗಡಿಯಲ್ಲಿ ಕೂತು, ಬಂದವರಿಗೆಲ್ಲ "ಅವರು ಬಿಕ್ಕೋಡಿಗೆ ಹೋಗಿದ್ದಾರೆ, ಸಂಜೆ ಬನ್ನಿ" ಎಂದು ಹೇಳುತ್ತಿದ್ದಳು. ಬಿ.ಎಸ್ಸಿ. ಓದಿದವಳು ಐದು ವರ್ಷ ಆ ಒಂದೇ ವಾಕ್ಯ ಹೇಳಿದಳು. ಮೊಮ್ಮಗಳನ್ನು ಶಾಲೆಗೆ ಸೇರಿಸಿದ ವರ್ಷ ತಾನೂ ಹಾಸನಕ್ಕೆ ಹತ್ತು ತಿಂಗಳು ಬಸ್ಸಿನಲ್ಲಿ ಓಡಾಡಿ ಒಂದು ಕೋರ್ಸು ಮುಗಿಸಿದಳು. ಡಾಕ್ಟರು ಮಾತಾಡಿದ್ದನ್ನು ಕೇಳಿಸಿಕೊಂಡು ಟೈಪು ಮಾಡುವ ಕೋರ್ಸು. ಕೇಳಿಸಿಕೊಳ್ಳುವುದಕ್ಕೂ ಪಾಠ ಬೇಕೇ ಎಂದು ಬೀದಿಯವರು ನಕ್ಕರು. ನಮ್ಮ ಯಜಮಾನರು ನಗಲಿಲ್ಲ. ಹಾಲಿನಿಂದ ಮೂರು ಸಲ ಕೂಗಿದರೂ ಸೊಸೆಗೆ ನೀರು ಎಂಬ ಎರಡಕ್ಷರ ಕೇಳಿಸುವುದಿಲ್ಲ, ಆದ್ದರಿಂದ ಪಾಠ ಅಗತ್ಯವೇ ಎಂದರು.

ಕೋರ್ಸು ಮುಗಿಸಿ ಎರಡು ವರ್ಷ ಅವಳು ಕಂಪನಿಗಳಿಗೆ ಪರೀಕ್ಷೆ ಬರೆದಳು. ಎಲ್ಲರೂ ಪಾಸು ಮಾಡಿದರು, ಎಲ್ಲರೂ ಬೆಂಗಳೂರಿಗೆ ಬಂದಿರು ಎಂದರು. ಕೊನೆಗೆ ಒಂದು ಕಂಪನಿ ಮನೆಯಿಂದಲೇ ಮಾಡಬಹುದು ಎಂದು ಒಪ್ಪಿತು. ಹೊರದೇಶದ ಡಾಕ್ಟರು ರೋಗಿಯನ್ನು ನೋಡಿ, ಏನು ಕಂಡಿತೋ ಅದನ್ನು ಯಂತ್ರದೊಳಗೆ ಮಾತಾಡಿ ಮನೆಗೆ ಹೋಗಿ ಮಲಗುತ್ತಾನೆ. ಅಲ್ಲಿ ಕತ್ತಲೆಯಾದಾಗ ಇಲ್ಲಿ ಹಗಲು. ಅವನ ಮಾತು ಬೇಲೂರಿಗೆ ಬರುತ್ತದೆ, ಸೊಸೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಟೈಪು ಮಾಡುತ್ತಾಳೆ, ಅವನು ಎದ್ದು ಬರುವಷ್ಟರಲ್ಲಿ ಕಾಗದ ಸಿದ್ಧ. ಮೊದಲ ಆರು ತಿಂಗಳು ಪರೀಕ್ಷೆ. ಕೆಲಸದ ದಿನ ಆರು ಗಂಟೆ ತಪ್ಪದೆ ಕೂರಬೇಕು. ಅದು ಮುಗಿದರೆ ಕೆಲಸ ಕಾಯಂ. ಅಲ್ಲಿ ಮುಗ್ಗರಿಸಿದರೆ ಮತ್ತೆ "ಸಂಜೆ ಬನ್ನಿ".

ಕಂಪನಿಯವರು ಒಬ್ಬ ಎಂಜಿನಿಯರನ್ನು ಕಳಿಸಿದರು. ಕಾಫಿ ಕೊಟ್ಟು, ಈ ವಿ.ಪಿ.ಎನ್. ಅಂದರೆ ಏನು ಎಂದು ಕೇಳಿದೆ. ನನ್ನ ಮನೆಗೆ ಬರುವುದು ಏನು ಅಂತ ನನಗೆ ಗೊತ್ತಿರಬೇಕಲ್ಲ.

"ನಿಮ್ಮ ಸೊಸೆಗೂ ನಮ್ಮ ಆಫೀಸಿಗೂ ಮಧ್ಯೆ ಒಂದು ಸ್ವಂತ ರಸ್ತೆ ಇದ್ದ ಹಾಗೆ ಅಮ್ಮ," ಎಂದ.

"ರಸ್ತೆ ಯಾವಾಗ ಹಾಕಿದ್ರಪ್ಪ?"

"ಹಾಕಿಲ್ಲಮ್ಮ. ನಿಜವಾಗಿ ರಸ್ತೆ ಇಲ್ಲ. ಇದ್ದ ಹಾಗೆ."

"ಇಲ್ದಿರೋ ರಸ್ತೆಗೆ ಬೀಗ ಹಾಕಕ್ಕೆ ಬೆಂಗ್ಳೂರಿಂದ ಬಂದ್ಯಾ?"

ಹುಡುಗ ಕಾಫಿ ಕೆಳಗಿಟ್ಟ. ತಂತಿ ಊರವರೆಲ್ಲರದೇ, ಅದರಲ್ಲಿ ಎಲ್ಲರ ಮಾತೂ ಹೋಗುತ್ತದೆ, ನಮ್ಮದು ಮಾತ್ರ ಗಂಟು ಕಟ್ಟಿ ಬೀಗ ಹಾಕಿ ಹೋಗುತ್ತದೆ, ಬೀಗದ ಕೈ ಸೊಸೆಯ ಹತ್ತಿರ ಮತ್ತು ಆಫೀಸಿನ ಹತ್ತಿರ ಮಾತ್ರ ಎಂದು ವಿವರಿಸಿದ. ನನಗೆ ಆಗ ನಮ್ಮ ಫೋನಿನ ನೆನಪಾಯಿತು. ಎಷ್ಟೋ ಸಲ ಎತ್ತಿದರೆ ಹಳೇಬೀಡಿನ ಯಾರದೋ ಮದುವೆ ಮಾತುಕತೆ ಅದರಲ್ಲಿ ಬಂದುಬಿಡುತ್ತಿತ್ತು. ಒಮ್ಮೆ ಒಂದು ಸಂಬಂಧ ಮುರಿದದ್ದನ್ನು ಹುಡುಗಿಯ ತಾಯಿಗಿಂತ ಮೊದಲೇ ನಾನು ಕೇಳಿಸಿಕೊಂಡಿದ್ದೆ. ಹಾಗೆ ಇದೂ ಅಡ್ಡದಾರಿ ಹಿಡಿದು ಯಾರ ಕಿವಿಗಾದರೂ ಬಿದ್ದರೆ? ಬಿದ್ದರೂ ಅವರಿಗೆ ಅರ್ಥವಿಲ್ಲದ ಗೊರಗೊರ ಸದ್ದಿನ ಹಾಗೆ ಇರುತ್ತದೆ, ಬೀಗ ತೆಗೆಯದೆ ಅದು ಮಾತಾಗುವುದಿಲ್ಲ ಎಂದ.

ಪಕ್ಕದಲ್ಲಿ ಕೂತು ಕೇಳುತ್ತಿದ್ದ ನಮ್ಮ ಯಜಮಾನರು ಹೆಗಲ ಮೇಲಿನ ಟವೆಲು ತೆಗೆದರು. ಅವರು ನಲವತ್ತು ವರ್ಷ ಅರಸೀಕೆರೆ ಕಡೆಯ ಸಂತೆಗಳಲ್ಲಿ ದನದ ದಲ್ಲಾಳಿಯಾಗಿದ್ದವರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಕೈ ಕೂಡಿಸಿ, ಮೇಲೆ ಟವೆಲು ಹೊದಿಸಿ, ಒಳಗೆ ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನೂರು ಜನ ನಿಂತಿರುತ್ತಾರೆ, ಎಲ್ಲರ ಕಣ್ಣೂ ಟವೆಲಿನ ಮೇಲೆ, ಎಷ್ಟಕ್ಕೆ ಕುದುರಿತು ಎಂದು ಒಬ್ಬನಿಗೂ ಗೊತ್ತಾಗುವುದಿಲ್ಲ. ಯಜಮಾನರು ಎಂಜಿನಿಯರನ ಕೈ ಹಿಡಿದು ಟವೆಲು ಹೊದಿಸಿ ಅವನ ಎರಡು ಬೆರಳು ಅದುಮಿದರು.

"ಇದೇ ಅಲ್ವೇನಯ್ಯ ನಿಂದು?"

"ಇದೇ ಯಜಮಾನ್ರೇ," ಎಂದ ಹುಡುಗ, ಕೈ ಬಿಡಿಸಿಕೊಳ್ಳುತ್ತ.

ಅಂದಿನಿಂದ ಒಂದು ತಿಂಗಳು ಇವರು ಬಸ್ ಸ್ಟ್ಯಾಂಡಿನವರೆಗೂ ಹೋಗಿ, ವಿ.ಪಿ.ಎನ್. ಎಂಬುದನ್ನು ತಾನು ನಲವತ್ತು ವರ್ಷ ಮಾಡಿಬಿಟ್ಟಿದ್ದೇನೆ, ಈಗಿನವರು ಅದಕ್ಕೆ ಇಂಗ್ಲಿಷ್ ಹೆಸರಿಟ್ಟಿದ್ದಾರೆ ಅಷ್ಟೇ ಎಂದು ಹೇಳಿಕೊಂಡು ಬಂದರು. ಕೇಳಿದವರು ಒಪ್ಪಿದರು. ಒಪ್ಪದಿದ್ದರೆ ಕೈ ಹಿಡಿದು ತೋರಿಸುತ್ತಿದ್ದರು.

ನನಗೆ ಇನ್ನೊಂದು ಅನುಮಾನ ಉಳಿದಿತ್ತು. ಟವೆಲಿನಡಿ ಬೆಲೆ ಕಾಣುವುದಿಲ್ಲ ಸರಿ. ಯಾರು ಯಾರ ಕೈ ಹಿಡಿದಿದ್ದಾರೆ, ಎಷ್ಟು ಹೊತ್ತು ಹಿಡಿದಿದ್ದಾರೆ ಎನ್ನುವುದು ಇಡೀ ಸಂತೆಗೆ ಕಾಣುತ್ತದಲ್ಲ. ಬೇಗ ಕೈ ಬಿಟ್ಟರೆ ವ್ಯಾಪಾರ ಮುರಿಯಿತು ಎಂದು ಎತ್ತಿಗೂ ಗೊತ್ತಾಗುತ್ತದೆ. ಅದನ್ನು ಕೇಳಿದೆ. ಹುಡುಗ ಸ್ವಲ್ಪ ಯೋಚಿಸಿ ಹೌದು ಎಂದ. ಏನೋ ಹೋಗುತ್ತಿದೆ, ಆ ಆಫೀಸಿಗೆ ಹೋಗುತ್ತಿದೆ ಎನ್ನುವುದು ತಂತಿಯವರಿಗೆ ತಿಳಿಯುತ್ತದೆ, ಏನು ಎನ್ನುವುದು ತಿಳಿಯುವುದಿಲ್ಲ. ಸೊಸೆ ಎಷ್ಟು ಗಂಟೆಗೆ ಒಳಗೆ ಬಂದಳು, ಎಷ್ಟು ಗಂಟೆಗೆ ಹೋದಳು ಎನ್ನುವುದು ಆಫೀಸಿನ ರೆಕಾರ್ಡಿನಲ್ಲಿ ಬೀಳುತ್ತದೆ. ಗಂಟು ಬಿಚ್ಚುವುದೂ ಅಲ್ಲೇ, ಆದ್ದರಿಂದ ಅವರಿಗೆ ಎಲ್ಲ ಕಾಣುತ್ತದೆ. ಅಲ್ಲಿಂದ ಮುಂದೆ ಆಸ್ಪತ್ರೆಗೆ ಹೋಗುವಾಗ ಬೆಂಗಳೂರಿನ ಆಫೀಸಿನಿಂದಲೇ ಬಂದ ಹಾಗೆ ಹೋಗುತ್ತದೆ. ಬೇಲೂರು ಎಂಬ ಊರಿದೆ ಎಂದೇ ಆ ಡಾಕ್ಟರಿಗೆ ತಿಳಿಯದು. ಅಂದರೆ ಗುಟ್ಟು ಬೀದಿಯವರಿಂದ, ಧಣಿಯಿಂದ ಅಲ್ಲ. ಇಷ್ಟನ್ನೇ ಮೊದಲು ಹೇಳಿದ್ದರೆ ಕಾಫಿ ಆರುತ್ತಿರಲಿಲ್ಲ.

ಕೊನೆಗೆ ಕೋಣೆಯ ವಿಷಯಕ್ಕೆ ಬಂದ. ದಾರಿಯೆಲ್ಲ ಬೀಗ ಹಾಕಿ ತಂದದ್ದನ್ನು ಮನೆಯಲ್ಲಿ ಯಾರಾದರೂ ಹಿಂದೆ ನಿಂತು ಓದಿದರೆ ಎಲ್ಲ ವ್ಯರ್ಥ. ಆದ್ದರಿಂದ ಬಾಗಿಲು ಹಾಕುವ, ಬೀಗವಿರುವ, ಬೇರೆಯವರು ಬಾರದ ಕೋಣೆ ಬೇಕು. ನಾವು ನಾಲ್ವರೂ, ನಾನು, ಯಜಮಾನರು, ಮಗ, ಸೊಸೆ, ಒಂದೇ ಸಲ ದೇವರ ಮನೆಯ ಕಡೆ ನೋಡಿದೆವು. ಹುಡುಗ ಬೂಟು ಕಳಚಿ ಒಳಗೆ ಹೋಗಿ ಟೇಪು ಹಿಡಿದು ಅಳೆದ. ಕಿಟಕಿ ಇಲ್ಲ, ಬಹಳ ಒಳ್ಳೆಯದು ಎಂದ. ಸ್ನಾನ ಮಾಡದೆ ಯಾರೂ ಕಾಲಿಡುವುದಿಲ್ಲ ಎಂದೆ. ಅಷ್ಟು ಕಟ್ಟುನಿಟ್ಟು ಬೆಂಗಳೂರಿನ ಆಫೀಸಿನಲ್ಲೂ ಇಲ್ಲ ಎಂದು ಮೆಚ್ಚಿಕೊಂಡ. ಸೊಸೆ ಏನೋ ಹೇಳಲು ಬಾಯಿ ತೆರೆದು, ಮಾವನ ಮುಖ, ಎಂಜಿನಿಯರನ ಮುಖ ನೋಡಿ ಮುಚ್ಚಿಕೊಂಡಳು. ಭಕ್ತಿ ಇರಬೇಕು ಎಂದುಕೊಂಡೆ.

ಹುಡುಗ ಹೋಗುವ ಮುಂಚೆ ಸೊಸೆಯ ಕೈಗೆ ಬೆರಳುದ್ದದ ಒಂದು ಪುಟ್ಟ ಡಬ್ಬಿ ಕೊಟ್ಟ. ಅದರಲ್ಲಿ ಆರು ಅಂಕಿ ಕಾಣುತ್ತವೆ, ನಿಮಿಷಕ್ಕೊಮ್ಮೆ ಬದಲಾಗುತ್ತವೆ. ಒಳಗೆ ಹೋಗುವಾಗ ಪಾಸ್‌ವರ್ಡಿನ ಜೊತೆಗೆ ಆ ಗಳಿಗೆಯ ಅಂಕಿಯನ್ನೂ ಒತ್ತಿದರೆ ಮಾತ್ರ ಬೀಗ ತೆಗೆಯುತ್ತದೆ. ಕಳೆಯಬಾರದು, ಇನ್ನೊಬ್ಬರಿಗೆ ಕೊಡಬಾರದು. ಅವಳು ಅದನ್ನು ತಾಳಿಯ ಸರದಲ್ಲಿ ಪಿನ್ನುಗಳ ಜೊತೆ ಸಿಕ್ಕಿಸಿಕೊಂಡಳು. ಎದುರುಮನೆಯಾಕೆ ಮೊದಲ ದಿನವೇ ಅದನ್ನು ಎತ್ತಿ ನೋಡಿ, ಅರಸೀಕೆರೆ ಕಡೆಯವರಲ್ಲಿ ತಾಳಿಗೆ ಇದನ್ನೂ ಕಟ್ಟುತ್ತಾರಾ ಎಂದು ಕೇಳಿದಳು.

ಕೆಲಸ ಶುರುವಾಯಿತು. ಸೊಸೆ ಕುರ್ಚಿಯಲ್ಲಿ ಕೂತರೆ ದೇವರಿಗಿಂತ ಎತ್ತರವಾಗುತ್ತಾಳೆ ಎಂದು ಯಜಮಾನರು ತಕರಾರು ತೆಗೆದರು. ಗೋಡೆಗೆ ಹಲಗೆ ಹೊಡೆಸಿ ದೇವರನ್ನು ಮೂರು ಅಡಿ ಮೇಲಕ್ಕೆ ಏರಿಸಿದೆವು. ಬೆನ್ನು ತೋರಿಸಬಾರದು ಎಂದರು. ಅವಳು ಅಡ್ಡಡ್ಡಲಾಗಿ ಕೂತಳು. ಮಾತನ್ನು ನಿಲ್ಲಿಸಲು, ಹಿಂದಕ್ಕೆ ಓಡಿಸಲು ಹೊಲಿಗೆ ಯಂತ್ರದ ಹಾಗೆ ಕಾಲಡಿ ಒಂದು ಪೆಡಲು ಇತ್ತು. ಆಯುಧಪೂಜೆಯ ದಿನ ಯಜಮಾನರು ಅದಕ್ಕೂ ಕುಂಕುಮ ಇಟ್ಟರು. ಕುಂಕುಮ ಇಟ್ಟದ್ದನ್ನು ತುಳಿಯುವುದು ಹೇಗೆ ಎಂದು ಅವಳು ಮಾರನೆಯ ದಿನ ಅರ್ಧ ಗಂಟೆ ಕಾಲು ಮಡಿಸಿ ಕೂತಿದ್ದಳು. ನಾನು ಹೋಗಿ ಒರೆಸಿದೆ. ಸಂಜೆ ದೀಪ ಹಚ್ಚಲು ಕಂಪನಿಯ ಟೈಮು ಮುಗಿಯಬೇಕಿತ್ತು. ನಮ್ಮ ದೇವರು ಅಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರ ಡ್ಯೂಟಿಗಾಗಿ ಕಾದರು.

ಬೀದಿಯ ಹೆಂಗಸರಿಗೆ ಸಂಕಟ ಶುರುವಾಯಿತು. ನಮ್ಮ ಬೀದಿಯಲ್ಲಿ ಯಾರಿಗೆ ಸಕ್ಕರೆ ಎಷ್ಟು, ಯಾರ ಗರ್ಭಕೋಶ ಯಾವಾಗ ತೆಗೆದರು ಎನ್ನುವುದು ಎಲ್ಲರಿಗೂ ಬಾಯಿಪಾಠ. ಅಂಥ ಕಡೆ ಒಬ್ಬಳು ದಿನಾ ಹತ್ತಾರು ಜನರ ಕಾಯಿಲೆ ಕಿವಿಯಾರೆ ಕೇಳಿ ಬಾಯಿ ಬಿಡದಿರುವುದು ಅವರಿಗೆ ಅಹಂಕಾರವಾಗಿ ಕಂಡಿತು. ಎದುರುಮನೆಯಾಕೆ ಕೇಳಿಯೇ ಬಿಟ್ಟಳು. ಆ ರೋಗಿ ಯಾರು ಅಂತ ನಿನಗೆ ಗೊತ್ತಿಲ್ಲ, ನೀನು ಯಾರು ಅಂತ ರೋಗಿಗೆ ಗೊತ್ತಿಲ್ಲ, ನನಗಂತೂ ಇಬ್ಬರೂ ಗೊತ್ತಿಲ್ಲ, ಹೇಳಿದರೆ ಏನು ಕಳಕೊಳ್ಳುತ್ತೀ ಎಂದು. ಸೊಸೆ ಹೇಳಲಿಲ್ಲ. ಕೆಲಸದಲ್ಲಿ ಅವಳು ಚುರುಕು. ಅರ್ಧ ಮಾತು ನುಂಗುವ ಒಬ್ಬ ಡಾಕ್ಟರಿದ್ದನಂತೆ, ಬೆಂಗಳೂರಿನ ಆಫೀಸಿನಲ್ಲಿ ಯಾರಿಗೂ ಅವನದು ಬಗೆಹರಿಯುತ್ತಿರಲಿಲ್ಲವಂತೆ, ಅವನದೆಲ್ಲ ಇವಳಿಗೇ ಬರುತ್ತಿತ್ತು.

ಎರಡನೆಯ ವಾರ ಒಂದು ಬೆಳಿಗ್ಗೆ ಸೊಸೆ ಜಗಲಿಯ ಮೇಲೆ ಕೂತಿದ್ದಳು. ಅವಳು ಮುಟ್ಟಾಗಿದ್ದಳು. ಮೂರು ದಿನ ದೇವರ ಮನೆ ಇಲ್ಲ.

ಎಂಜಿನಿಯರು ಬಂದ ದಿನ ಬಾಯಿ ತೆರೆದು ಮುಚ್ಚಿದ್ದು ಇದಕ್ಕೇ. ಗಂಡಸರ ಮುಂದೆ ಹೇಳುವುದು ಹೇಗೆ ಎಂದು ಅವಳು ಸುಮ್ಮನಾಗಿದ್ದಳು. ನನಗೆ ಅದು ನಿಂತು ಹನ್ನೆರಡು ವರ್ಷವಾಗಿತ್ತು, ಮರೆತೇ ಹೋಗಿತ್ತು. ಮನೆಯ ಗಂಡಸರಿಗೆ ಅಂಥದೊಂದು ಇದೆ ಎಂಬುದು ಅಡಿಗೆ ಯಾರು ಮಾಡಿದರು ಎನ್ನುವುದರಿಂದ ಮಾತ್ರ ತಿಳಿಯುತ್ತಿತ್ತು, ಅದೂ ಈಗ ತಿಳಿಯುತ್ತಿರಲಿಲ್ಲ. ಅಡಿಗೆಮನೆಯ ಕಟ್ಟು ನಾನೇ ಹಿಂದೆ ತೆಗೆದುಹಾಕಿದ್ದೆ. ಅದರಲ್ಲಿ ದೊಡ್ಡ ವಿಚಾರವೇನೂ ಇರಲಿಲ್ಲ, ನನಗೆ ಮಂಡಿ ನೋವು. ದೇವರ ಮನೆಯ ಕಟ್ಟು ಮಾತ್ರ ಹಾಗೇ ಉಳಿದಿತ್ತು.

ಮೊದಲ ತಿಂಗಳು ಕಂಪನಿಗೆ ಕರೆಂಟು ಇಲ್ಲ ಎಂದು ಹೇಳಿದಳು. ಎರಡನೆಯ ತಿಂಗಳು ಜ್ವರ. ಮೂರನೆಯ ತಿಂಗಳು ಫೋನಿನ ತಂತಿ ಕಡಿದಿದೆ ಎಂದು ಅದೇ ಫೋನಿನಲ್ಲಿ ಹೇಳಿದಳು. ಅಷ್ಟು ಹೊತ್ತಿಗೆ ಕಂಪನಿಯಲ್ಲಿ ಇವಳ ಮೇಲಿನ ಮೇಡಂ ಮೂರು ತಿಂಗಳ ರೆಕಾರ್ಡನ್ನು ಮುಂದಿಟ್ಟುಕೊಂಡಿದ್ದರು. ಪ್ರತಿ ಸಲವೂ ಮೂರೇ ದಿನ. ಇಪ್ಪತ್ತೆಂಟು ದಿನಕ್ಕೊಮ್ಮೆ ಕರೆಂಟು, ಜ್ವರ, ತಂತಿ ಸರದಿ ಪ್ರಕಾರ ಬರುವುದು ಹೇಗೆ ಎಂದು ಕೇಳಿದರಂತೆ. ಇನ್ನೊಂದು ತಿಂಗಳು ಹೀಗಾದರೆ ಫೈಲು ಮುಚ್ಚುತ್ತೇವೆ ಎಂದರಂತೆ. ಲೋಕದವರ ಕಾಯಿಲೆಯನ್ನೆಲ್ಲ ಗುಟ್ಟಾಗಿ ಹೊತ್ತು ತರುವ ತಂತಿ ಇವಳ ಮುಟ್ಟಿನ ಲೆಕ್ಕವನ್ನು ತಾರೀಖು ಸಮೇತ ಬೆಂಗಳೂರಿಗೆ ಮುಟ್ಟಿಸಿತ್ತು.

ಸೊಸೆ ಅಳಲಿಲ್ಲ. ಪಾತ್ರೆಗಳನ್ನು ಜೋರಾಗಿ ತೊಳೆದಳು. "ಮೋಟ್ರು ಅಂಗಡಿಗೆ ನಾನು ವಾಪಸ್ ಹೋಗಲ್ಲ ಅತ್ತೆ. ಬೇಕಾದ್ರೆ ಅರಸೀಕೆರೆಗೆ ಹೋಗ್ತೀನಿ," ಎಂದಳು. ಮಗನಿಗೆ ಹೇಳಿದೆ. ಮಧ್ಯದ ಕೋಣೆಗೆ ಬಾಗಿಲು ಇಡಿಸೋಣ ಎಂದ. ಬಡಗಿ ಬಂದು ನೋಡಿ, ಮಣ್ಣಿನ ಗೋಡೆ, ಚೌಕಟ್ಟು ಕೂರಿಸಲು ಹೋದರೆ ಗೋಡೆಯೇ ಬರುತ್ತದೆ ಎಂದು ಎಲೆಅಡಿಕೆ ಹಾಕಿಕೊಂಡು ಹೋದ. ಹಾಗಾದರೆ ನೀನೇ ಮೂರು ದಿನ ಒಳಗೆ ಹೋಗಿ ಕೂತುಕೋ, ನಾನು ಬೇಡ ಎನ್ನುವುದಿಲ್ಲ ಎಂದು ಸೊಸೆಗೆ ಹೇಳಿದೆ.

"ಆಗಲ್ಲ ಅತ್ತೆ. ದೇವರ ಮುಂದೆ ಹಂಗೆ ಕೂತ್ರೆ ನಂಗೆ ಕೈಯೇ ಓಡಲ್ಲ."

ಬಿ.ಎಸ್ಸಿ. ಓದಿದರೂ ಅಷ್ಟೇ. ನನಗೆ ಬೇಕಾಗಿದ್ದು ಅವಳ ಕೈ ಓಡುವುದು, ವಾದದಲ್ಲಿ ಗೆದ್ದರೆ ಅದು ಓಡುವುದಿಲ್ಲ.

ನಾಲ್ಕನೆಯ ತಿಂಗಳಿಗೆ ನನಗೆ ಒಂದು ಉಪಾಯ ಹೊಳೆಯಿತು. ರೆಕಾರ್ಡಿನಲ್ಲಿ ಬೀಳುವುದು ಒಳಗೆ ಬಂದದ್ದು, ಹೋದದ್ದು ತಾನೇ. ಆ ಡಬ್ಬಿ ಯಾರ ಕೈಯಲ್ಲಿದ್ದರೇನು. ಸೊಸೆ ಹೊಸ್ತಿಲಿನಿಂದ ಎರಡು ಮೊಳ ಆಚೆ ನಿಂತಳು. ತಾಳಿಯಿಂದ ಡಬ್ಬಿ ಬಿಚ್ಚಿ, ಮಡಿ ಕೆಡಬಾರದು ಎಂದು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟಳು, ನಾನು ಎತ್ತಿಕೊಂಡೆ. ಅವಳು ಮುಟ್ಟಿದ್ದನ್ನು ನಾನು ಮುಟ್ಟಿ ಒಳಗೆ ಹೋದರೆ ಮಡಿ ಎಲ್ಲಿ ಉಳಿಯಿತು ಎಂಬುದು ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲ. ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ, ಎಷ್ಟನೇ ಸಾಲು ಎಷ್ಟನೇ ಗುಂಡಿ ಎಂದು ಅವಳು ಹೊರಗಿನಿಂದ ಹೇಳಿದಳು. ಅಂಕಿ ನನಗೆ ಕ್ಯಾಲೆಂಡರಿನಿಂದ ಬರುತ್ತಿತ್ತು. ಆದರೆ ನಾಲ್ಕನೇ ಅಂಕಿ ಒತ್ತುವಷ್ಟರಲ್ಲಿ ನಿಮಿಷ ಮುಗಿದು ಎಲ್ಲ ಬದಲಾಗುತ್ತಿತ್ತು. ಎರಡು ಸಲ ಹಾಗಾಯಿತು. ಮೂರನೆಯ ಸಲ ಅಂಕಿ ಬದಲಾಗುವವರೆಗೂ ಬೆರಳು ಹಿಡಿದು ಕಾದಿದ್ದು, ಬದಲಾದ ತಕ್ಷಣ ಒತ್ತಿದೆ. ಕಂಪ್ಯೂಟರಿನ ಮೂಲೆಯಲ್ಲಿ ಹಸಿರು ಬಂತು, ಬೀಗ ತೆಗೆಯಿತು. ಇಷ್ಟು ಬೀಗ, ಇಷ್ಟು ಗಂಟು, ಕಡೆಗೆ ಒಳಗೆ ಬಂದದ್ದು ಬಿ.ಎಸ್ಸಿ.ಯೋ ನಾಲ್ಕನೇ ಕ್ಲಾಸೋ ಎಂದು ಅದು ಕೇಳಲಿಲ್ಲ. ಅದಕ್ಕೆ ಬೀಗದ ಕೈ ಗೊತ್ತು, ಬೀಗದ ಕೈ ಹಿಡಿದವರು ಗೊತ್ತಿಲ್ಲ.

ಮೂರು ದಿನ, ದಿನಕ್ಕೆ ಆರು ಗಂಟೆ, ನಾನು ದೇವರ ಮುಂದೆ ಅಡ್ಡಡ್ಡ ಕೂತು ಮೊರದಲ್ಲಿ ಅಕ್ಕಿ ಆರಿಸಿದೆ. ಸುಮ್ಮನೆ ಬಿಟ್ಟರೆ ಕಂಪ್ಯೂಟರು ನಿದ್ದೆಗೆ ಜಾರುತ್ತಿತ್ತು, ಆಗಾಗ ಮೌಸು ಅಲ್ಲಾಡಿಸುತ್ತಿದ್ದೆ. ಯಜಮಾನರು ಬಾಗಿಲ ಹೊರಗಿನಿಂದ, ಕಾಯಿಲೆಯೆಲ್ಲ ಹೇಗಿದೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಎರಡು ತಿಂಗಳಿಗಾಗುವಷ್ಟು ಅಕ್ಕಿ ಆರಿಸಿದ್ದಾಯಿತು.

ನಾಲ್ಕನೆಯ ದಿನ ಸೊಸೆ ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಮೇಡಂ ಫೋನು ಬಂತು. ಮೂರು ದಿನ ತಪ್ಪದೆ ಬಂದಿದ್ದೀರಿ, ಹದಿನೆಂಟು ಗಂಟೆ ಇದ್ದೀರಿ, ಟೈಪು ಮಾಡಿದ್ದು ಒಂದು ಸಾಲೂ ಇಲ್ಲ, ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಸೊಸೆ ಕಂಪ್ಯೂಟರು ಕೆಟ್ಟಿತ್ತು ಎನ್ನಲು ಹೊರಟಳು. ಈ ಸುಳ್ಳಿನ ಸರದಿ ನನಗೆ ಸಾಕಾಗಿತ್ತು. ಫೋನು ಕಿತ್ತುಕೊಂಡೆ.

"ಅವಳಲ್ಲ ತಾಯಿ, ನಾನು ಕೂತಿದ್ದೆ, ಅವಳ ಅತ್ತೆ. ಅಕ್ಕಿ ಆರಿಸ್ತಿದ್ದೆ."

ನಾನೇ ಮುಂದುವರಿಸಿದೆ. ಬಾಗಿಲಿರೋದು ದೇವರ ಮನೆಗೆ ಮಾತ್ರ, ಕಂಪ್ಯೂಟರು ಅಲ್ಲೇ ಇದೆ, ಅವಳು ಮುಟ್ಟು, ಮೂರು ದಿನ ಒಳಗೆ ಹೋಗುವ ಹಾಗಿಲ್ಲ, ಪ್ರತಿ ತಿಂಗಳೂ ಇದೇ, ಕರೆಂಟು ಚೆನ್ನಾಗಿಯೇ ಇದೆ ಎಂದೆ.

ಮೇಡಂ ದನಿ ಇಳಿಯಿತು. "ಎರಡನೇ ತಿಂಗಳೇ ನಂಗೆ ಅನುಮಾನ ಬಂತು ಅಮ್ಮ. ಆದ್ರೆ ಕಾರಣ ಅನ್ನೋ ಜಾಗದಲ್ಲಿ ನಾನೇನು ಬರೀಲಿ? ಓದೋರು ಗಂಡಸ್ರು."

"ಮುಟ್ಟು ಅಂತ್ಲೇ ಬರಿ. ಅವ್ರನ್ನೂ ಯಾರೋ ಹೆತ್ತಿರ್ತಾರೆ."

ಹಾಗೆ ಬರೆಯಲು ಆಗುವುದಿಲ್ಲ ಎಂದರು. ಅದಕ್ಕಿಂತ ದೊಡ್ಡ ತಪ್ಪು ಡಬ್ಬಿಯನ್ನು ನನಗೆ ಕೊಟ್ಟದ್ದು. ನಾನು ಏನೂ ಕೇಳಿಲ್ಲ, ನೋಡಿಲ್ಲ, ನನಗೆ ಇಂಗ್ಲಿಷೇ ಬರುವುದಿಲ್ಲ ಎಂದೆ. ಅದು ತಮಗೆ ಗೊತ್ತು, ರೆಕಾರ್ಡಿಗೆ ಗೊತ್ತಿಲ್ಲ ಎಂದರು. ಡಬ್ಬಿ ಕೊಟ್ಟದ್ದಕ್ಕೆ ಎಚ್ಚರಿಕೆ ಬರೆದು, ಹಳೆಯದನ್ನು ರದ್ದು ಮಾಡಿ ಹೊಸದು ಕಳಿಸುತ್ತೇನೆ, ಮಾತು ನುಂಗುವ ಡಾಕ್ಟರದನ್ನು ಬೇರೆ ಯಾರೂ ಮಾಡಲಾರರು ಎಂದು ಇದೊಂದು ಸಲ ನೋಡುತ್ತಿದ್ದೇನೆ ಎಂದರು. ಸೋಮವಾರ ಎಂಜಿನಿಯರು ಮತ್ತೆ ಬರುತ್ತಾನೆ. ತಿಂಗಳ ಎಲ್ಲ ದಿನವೂ ಅವಳು ಹೋಗಬಹುದಾದ ಕೋಣೆ ಇದೆ ಎಂದು ಅವನು ಬರೆದರೆ ಸರಿ, ಇಲ್ಲದಿದ್ದರೆ ಅವತ್ತೇ ಮುಗಿಯಿತು.

ಫೋನು ಇಟ್ಟು ಯಜಮಾನರನ್ನು ಕರೆದೆ. ದೇವರನ್ನು ಹಾಲಿಗೆ ತರೋಣ, ಟಿ.ವಿ. ಪಕ್ಕದ ಗೋಡೆಯ ಗೂಡಿನಲ್ಲಿ ಇಡೋಣ ಎಂದೆ.

"ಬಾಗ್ಲಿಲ್ದೆ ದೇವ್ರನ್ನ ಕೂರ್ಸಾದೇನೇ?"

"ದೇವ್ರಿಗೆ ಬಚ್ಚಿಡಾದೇನೈತೆ? ಅವ್ನಿಗೇನು ಸಕ್ಕರೆ ಕಾಯಿಲೆ ಐತಾ, ಮೂಲವ್ಯಾಧಿ ಐತಾ? ಈ ಊರಲ್ಲಿ ದಿನಾ ಬಸ್ಸಿಳಿದು ಬರೋ ಜನವೆಲ್ಲ ಅವನನ್ನೇ ನೋಡಿಕೊಂಡು ಹೋಗ್ತಾರೆ. ಬಾಗ್ಲು ಬೇಕಾಗಿರಾದು ಕಾಯಿಲೆಯವರಿಗೆ."

"ಅವ್ರು ಯಾರೋ ಏನೋ."

"ಯಾರೋ ಏನೋ ಅಂತ್ಲೇ ಬಾಗ್ಲು."

ದಿನ ಕೇಳಬೇಕು ಎಂದರು. ಸೋಮವಾರ ಹತ್ತೂವರೆಗೆ ಎಂಜಿನಿಯರು ಬಸ್ಸಿಳಿಯುತ್ತಾನೆ, ಅದರೊಳಗೆ ಯಾವ ದಿನವಾದರೂ ಒಳ್ಳೆಯದೇ ಎಂದೆ. ಅವರು ಇಡೀ ದಿನ ಮಾತು ಬಿಟ್ಟರು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಯಾರಿಗೂ ಹೇಳದೆ ತಾವೇ ಏಳು ಫೋಟೋಗಳನ್ನೂ ಒಂದೊಂದಾಗಿ ತಂದು ಗೂಡಿನಲ್ಲಿಟ್ಟರು. ಸೊಸೆ ಅತ್ತು ಬೇಡಿದ್ದರೂ ಒಪ್ಪುತ್ತಿರಲಿಲ್ಲ, ನಾನು ತೆಗೆದು ಇಟ್ಟುಬಿಡುತ್ತೇನೆ ಎಂಬ ಹೆದರಿಕೆಗೆ ಒಪ್ಪಿದರು. ಮೇಲೆ ಒಂದು ಬಟ್ಟೆ ಹಾಕಬೇಕು ಎಂದರು. ಹಾಕಿದೆ. ಸಂಜೆ ದೀಪ ಈಗ ಯಾರ ಡ್ಯೂಟಿಗೂ ಕಾಯಬೇಕಾಗಿಲ್ಲ ಎಂದು ಒಂದೇ ವಾರದಲ್ಲಿ ಅವರಿಗೆ ಗೊತ್ತಾಯಿತು. ದೀಪ ಹಚ್ಚಿ, ಅಲ್ಲೇ ಕೂತು ವಾರ್ತೆಯನ್ನೂ ನೋಡುತ್ತಿದ್ದರು.

ಎಂಜಿನಿಯರು ಬಂದ. ಖಾಲಿ ಹಲಗೆ ನೋಡಿ ದೇವರೆಲ್ಲಿ ಎಂದ. ತೋರಿಸಿದೆ. ಕೈ ಮುಗಿದ. ಹೊಸ ಡಬ್ಬಿ ಕೊಟ್ಟ, ಇದನ್ನು ನನ್ನ ಕೈಗೆ ಕೊಡಕೂಡದು ಎಂದು ನನ್ನ ಮುಂದೆಯೇ ಸೊಸೆಗೆ ಎರಡು ಸಲ ಹೇಳಿದ. ಆಮೇಲೆ ಬರೆಯಲು ಕಾಗದ ತೆಗೆದ. ಮೇಡಂ ಏನು ಬರೆಯಬೇಕೆಂದು ಅವನಿಗೆ ಹೇಳಿಕೊಟ್ಟು ಕಳಿಸಿದ್ದರು. ಸೊಸೆ ಅದನ್ನು ಕನ್ನಡ ಮಾಡಿ ಓದಿದಳು. ಕೋಣೆಯಲ್ಲಿ ಮೊದಲಿನಿಂದ ಬೇರೆಯವರು ವಾಸವಿದ್ದರು, ಅವರಿಂದ ಕೆಲಸಕ್ಕೆ ತಿಂಗಳಿಗೆ ಮೂರು ದಿನ ಅಡಚಣೆಯಾಗುತ್ತಿತ್ತು, ಈಗ ಅವರನ್ನು ಖಾಲಿ ಮಾಡಿಸಲಾಗಿದೆ. ಯಜಮಾನರು ಅದನ್ನು ಕೇಳಿ ಗೂಡಿನ ಕಡೆ ತಿರುಗಿ ಕೆನ್ನೆ ಕೆನ್ನೆ ಬಡಿದುಕೊಂಡರು.

ಐದನೆಯ ತಿಂಗಳು ಆ ಮೂರು ದಿನ ಸೊಸೆ ಬೆಳಿಗ್ಗೆ ಎಂಟಕ್ಕೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲ ದಿನ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು. ನಾನು ನೋಡದವಳ ಹಾಗೆ ಸೊಪ್ಪು ಬಿಡಿಸುತ್ತಿದ್ದೆ. ಆಮೇಲೆ ಚಿಲಕದ ಸದ್ದು, ಸ್ವಲ್ಪ ಹೊತ್ತಿಗೆ ಟೈಪಿನ ಸದ್ದು. ಆರನೆಯ ತಿಂಗಳೂ ಹಾಗೇ. ಅದು ಮುಗಿದ ವಾರ ಕೆಲಸ ಕಾಯಂ ಎಂದು ಕಾಗದ ಬಂತು. ಮೋಟರು ಅಂಗಡಿಯಲ್ಲಿ ಮಗ ಒಂದು ರಟ್ಟಿಗೆ "ಸಂಜೆ ಬನ್ನಿ" ಎಂದು ಬರೆಸಿ ನೇತುಹಾಕಿದ. ಕೆಲಸ ಒಂದಿಷ್ಟೂ ಕೆಡಲಿಲ್ಲ.

ಇಷ್ಟೆಲ್ಲ ಬೀದಿಗೆ ಗೊತ್ತಿರಲಿಲ್ಲ. ಬೀದಿಗೆ ಗೊತ್ತಿದ್ದದ್ದು ಒಂದೇ, ನಮ್ಮ ಸೊಸೆ ಎರಡು ತಿಂಗಳಿಂದ ಜಗಲಿಯ ಮೇಲೆ ಕೂತಿಲ್ಲ. ಎದುರುಮನೆಯಾಕೆ ಒಂದು ಮಧ್ಯಾಹ್ನ ಸೆರಗಿನಡಿ ಮಾವಿನ ಉಪ್ಪಿನಕಾಯಿ ಜಾಡಿ ಇಟ್ಟುಕೊಂಡು ಬಂದಳು.

"ಎಷ್ಟ್ ತಿಂಗ್ಳು ಅಕ್ಕಾ? ನಮ್ಮ ಹತ್ರಾನೂ ಬಚ್ಚಿಡ್ತೀರಲ್ಲ."

ದೇವರ ಮನೆಯ ಬಾಗಿಲು ಹಾಕಿತ್ತು, ಒಳಗೆ ಸೊಸೆಯ ಬೆರಳು ಓಡುತ್ತಿತ್ತು. ಅವತ್ತು ಅವಳಿಗೆ ಎರಡನೆಯ ದಿನ. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಜಾಡಿ ತೆಗೆದುಕೊಂಡೆ. ಉಪ್ಪಿನಕಾಯಿ ಚೆನ್ನಾಗಿತ್ತು, ಸೊಸೆ ಬಾಯಿ ಚಪ್ಪರಿಸಿ ತಿಂದಳು. ಬೀದಿಯವರ ಲೆಕ್ಕದಲ್ಲಿ ಒಂಬತ್ತು ತುಂಬಲು ಇನ್ನೂ ಏಳು ತಿಂಗಳಿತ್ತು. ಜಾಡಿ ತೊಳೆದು ಒರೆಸಿ ಎದುರುಮನೆಗೆ ವಾಪಸ್ಸು ಕಳಿಸಿದೆ.